ಜಪಾನಿನಲ್ಲಿ ಹತ್ತು ದಿನ

ಗೃಹಸ್ಥರಾದವರು ದೂರದೇಶಕ್ಕೆ ಹೊರಡುವುದೆಂದರೆ ಮದುವೆಯ ಏರ್ಪಾಡಿಗಿಂತ ಕಡಮೆಯ ಕೆಲಸವಲ್ಲ. ಹಣ, ಕಾಲ, ಆರೋಗ್ಯ ಈ ಮೂರೂ ಒದಗಿಬಂದರೂ ದಂಪತಿಗಳಿಬ್ಬರ ಮನಸ್ಸು ಒಂದಾಗದಿದ್ದರೆ ಪ್ರವಾಸವು ಬರಿಯ ಆಯಾಸವಾಗುವುದು. ಸಂಸಾರದ ಹೊಣೆಗಳು ಹಗುರವಾದ ಮೇಲೆ ಮೊದಲ ಬಾರಿ ಇಬ್ಬರೇ ಎಲ್ಲಿಗಾದರೂ ಹೋಗಿಬರೋಣವೆಂದಾಗ ನಾವು ಜಪಾನಿನ ಹೆಸರನ್ನೆತ್ತಿದೆವು. ಬೌದ್ಧಧರ್ಮದೊಡನೆ ಅಷ್ಟು ದೂರ ಸಾಗಿದ ಸಂಸ್ಕೃತಾಕ್ಷರಗಳು ಅಲ್ಲಿ ಇಂದಿಗೂ ಉಳಿದಿರುವುದನ್ನು ಕಣ್ಣಾರೆ ಕಾಣುವ ಆಸೆ ನಮ್ಮದು. ನಮ್ಮ ಮನೆಯವರು ಒಪ್ಪಿದರು, ಆದರೆ ಒಂದು ನಿಬಂಧನೆಯ ಮೇಲೆ: “ಎರಡು ಹೊತ್ತು ಉಪವಾಸವಿದ್ದರೂ ಸರಿಯೆ, ತಿಳಿಯದೆ ಮೀನು ತಿನ್ನುವ ಹಾಗೆ ಮಾತ್ರ ಆಗಬಾರದು, ನೋಡಿ.”

ಈ ಮಾತು ಸಣ್ಣದಲ್ಲ. ಜಪಾನೀಯರ ಅಡುಗೆಗೆ ‘ದಾಶಿ’ ಎಂಬ ತಿಳಿಸಾರು ಮೂಲ. ಅದನ್ನು ಬಹುಮಟ್ಟಿಗೆ ‘ಕೊಂಬು’ ಎಂಬ ಕಡಲಪಾಚಿಯಿಂದಲೂ, ‘ಕತ್ಸುಓ’ ಎಂಬ ಮೀನನ್ನು ಒಣಗಿಸಿ ಹೆರೆದ ಎಸಳುಗಳಿಂದಲೂ ಇಳಿಸುತ್ತಾರೆ. ಬರಿಯ ತರಕಾರಿಯ ಅಡುಗೆಯಲ್ಲಿಯೂ ಅದು ಕಣ್ಣಿಗೆ ಕಾಣದೆ ಸೇರಿರುತ್ತದೆ. “ಮಾಂಸ ಬೇಡ” ಎಂದಷ್ಟೇ ಹೇಳಿದರೆ ಅಲ್ಲಿ ಸಾಲದು, ಓದಿ ತಿಳಿದುಕೊಳ್ಳಬೇಕು.

ಆದುದರಿಂದ ಮೂರು ತಿಂಗಳ ಕಾಲ ಪ್ರತಿಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಇಬ್ಬರೂ ಅಕ್ಷರಾಭ್ಯಾಸಕ್ಕೆ ಕುಳಿತೆವು. ಚೀನಾದಿಂದ ಬಂದ ಸಾವಿರಾರು ಚಿತ್ರಾಕ್ಷರಗಳ ಗೊಡವೆಗೆ ಹೋಗಲಿಲ್ಲ. ಹಿರಗಾನ, ಕತಕಾನ ಎಂದು ಎರಡು ಸುಲಭಮಾಲೆಗಳಿವೆ. ಒಂದೊಂದರಲ್ಲಿ ಮೂಲಾಕ್ಷರಗಳು 46. ಅವುಗಳ ಕ್ರಮ ಹೀಗೆ: ಅ, ಇ, ಉ, ಎ, ಒ; ಬಳಿಕ ಕ, ಸ, ತ, ನ, ಹ, ಮ, ಯ, ರ, ವ. ವಾಚಕರು ಒಮ್ಮೆ ಬಾಯಿಬಿಟ್ಟು ಓದಿನೋಡಲಿ; ಇದು ನಮ್ಮ ವರ್ಣಮಾಲೆಯ ನಡೆಯೇ ಅಲ್ಲವೆ? ‘ಸಿದ್ಧಂ’ ಎಂಬ ಲಿಪಿಯಲ್ಲಿ ಸಂಸ್ಕೃತವನ್ನು ಕಲಿತ ಅಲ್ಲಿಯ ಭಿಕ್ಷುಗಳ ವ್ಯಾಸಂಗದಿಂದ ಈ ಕ್ರಮ ಮೂಡಿತೆಂದು ವಿದ್ವಾಂಸರು ಹೇಳುತ್ತಾರೆ. ಪವರ್ಗದ ಸ್ಥಾನದಲ್ಲಿ ಹಕಾರವೇಕೆಂದರೆ, ಪ್ರಾಚೀನ ಕಾಲದಲ್ಲಿ ಅದರ ಉಚ್ಚಾರವು ಪಕಾರವಾಗಿತ್ತು. ಹಳಗನ್ನಡದ ‘ಪಾಲ್’ ಇಂದು ‘ಹಾಲು’ ಆಗಿರುವಂತೆ. ಇದನ್ನು ತಿಳಿದ ದಿನ ನಮ್ಮ ಮನೆಯವರ ಅಂಜಿಕೆ ಅರ್ಧ ಇಳಿಯಿತು.

ಇನ್ನು ಕಾಲನಿರ್ಣಯ. ಮಾರ್ಚಿ ಕೊನೆಯಿಂದ ಏಪ್ರಿಲ್ ಮೊದಲವರೆಗೆ ಚೆರ್ರಿ ಹೂವಿನ ಸೊಬಗು ದೊಡ್ಡದು, ಜನಸಂದಣಿಯೂ ದೊಡ್ಡದು; ಜೂನಿನಲ್ಲಿ ಮಳೆ; ಆಗಸ್ಟಿನಲ್ಲಿ ಧಗೆ. ಮೇಪಲ್ ಎಲೆಗಳು ಕೆಂಪಾಗುವ ನವೆಂಬರನ್ನು ಆರಿಸಿಕೊಂಡೆವು. ಟೋಕಿಯೋದಲ್ಲಿ ಇಳಿದು ಒಸಾಕಾದಿಂದ ಮರಳುವಂತೆ ವಿಮಾನದ ಟಿಕೆಟ್ಟು ಕೊಂಡುದರಿಂದ ಬಂದ ದಾರಿಯನ್ನೇ ಮತ್ತೆ ತುಳಿಯುವ ವೆಚ್ಚ ಉಳಿಯಿತು. ಏಳು ದಿನಗಳ ರೈಲ್ವೆ ಪಾಸಿನ ಬೆಲೆಯು 2023ರ ಅಕ್ಟೋಬರಿನಲ್ಲಿ 29,650 ಯೆನ್ನಿನಿಂದ 50,000ಕ್ಕೆ ಏರಿತು. ನಮ್ಮಂತೆ ಕೆಲವೇ ಊರುಗಳನ್ನು ನೋಡುವವರಿಗೆ ಬಿಡಿ ಟಿಕೆಟ್ಟೇ ಲಾಭ. ನೋಡತಕ್ಕ ಸ್ಥಳಗಳ ಪಟ್ಟಿಯಿಂದ ದಿನಕ್ಕೊಂದನ್ನು ಹೊಡೆದುಹಾಕುತ್ತ ಕೊನೆಗೆ ನಾಲ್ಕನ್ನು ಉಳಿಸಿಕೊಂಡೆವು: ಟೋಕಿಯೋ, ಕ್ಯೋಟೋ, ನಾರಾ, ಕೋಯಾಸಾನ್.

ಕಲಿತ ವಿದ್ಯೆಗೆ ಪರೀಕ್ಷೆ ಟೋಕಿಯೋದ ಒಂದು ಅಂಗಡಿಯಲ್ಲಿ ಒದಗಿತು. ಅನ್ನದ ಮುದ್ದೆಯೊಳಗೆ ‘ಉಮೆ’ ಎಂಬ ಉಪ್ಪುಹುಳಿ ಕಾಯಿಯನ್ನಿಟ್ಟು ಮಾರುತ್ತಾರೆ; ಅದು ನಿರಾತಂಕವೆಂದು ನಾವು ಕೈಚಾಚಿದಾಗ ಮನೆಯವರು ತಡೆದರು. ಕನ್ನಡಕ ಸರಿಮಾಡಿಕೊಂಡು, ಸಣ್ಣಕ್ಷರದ ಚೀಟಿಯ ಮೇಲೆ ಬೆರಳಿಟ್ಟು, “ಕ… ತ್ಸು… ಓ. ಇದು ಬೇಡ” ಎಂದರು. ಪಕ್ಕದಲ್ಲಿದ್ದ ಇನ್ನೊಂದು ಬಗೆಯಲ್ಲಿ ಆ ಮೂರಕ್ಷರಗಳಿರಲಿಲ್ಲ, ಅದನ್ನು ಕೊಂಡೆವು. ಅಂದಿನಿಂದ ಅನ್ನದ ವಿಚಾರದಲ್ಲಿ ಅವರ ಮಾತೇ ಪ್ರಮಾಣ.

1964ರಲ್ಲಿ ಆರಂಭವಾದ ಶಿಂಕಾನ್ಸೆನ್ ರೈಲು ಎರಡೂಕಾಲು ಗಂಟೆಯಲ್ಲಿ ನಮ್ಮನ್ನು ಕ್ಯೋಟೋಕ್ಕೆ ತಲಪಿಸಿತು. ಅಲ್ಲಿಯ ಸಂಜೂಸಾಂಗೆಂದೋ ಎಂಬ 120 ಮೀಟರು ಉದ್ದದ ಮಂದಿರದಲ್ಲಿ 1001 ಅವಲೋಕಿತೇಶ್ವರ ಮೂರ್ತಿಗಳು ಸಾಲಾಗಿ ನಿಂತಿವೆ. ಅವುಗಳ ಮುಂದೆ ಕಾವಲಿರುವ 28 ದೇವತೆಗಳಲ್ಲಿ ನಮ್ಮ ಬ್ರಹ್ಮ, ಇಂದ್ರ, ಗರುಡರೂ ಇದ್ದಾರೆ. ನಾರಾದ ತೋದೈಜಿಯಲ್ಲಿ ಸುಮಾರು 15 ಮೀಟರು ಎತ್ತರದ ವೈರೋಚನ ಬುದ್ಧನನ್ನು ಕಂಡೆವು. 752ರಲ್ಲಿ ಈ ಮೂರ್ತಿಗೆ ನೇತ್ರೋನ್ಮೀಲನ ಮಾಡಿದವನು ಬೋಧಿಸೇನನೆಂಬ ಭಾರತೀಯ ಭಿಕ್ಷು. ಹೊರಗೆ ಜಿಂಕೆಗಳು ತಲೆಬಾಗಿಸಿ ತಿಂಡಿ ಬೇಡುತ್ತಿದ್ದುವು. ಮನೆಯವರು ಬಹಳ ಹೊತ್ತು ಅಲ್ಲಿಯೇ ನಿಂತರು. ಪಟ್ಟಿಯನ್ನು ಚಿಕ್ಕದು ಮಾಡಿದ್ದರಿಂದ ಅವಸರಪಡಿಸುವ ಕಾರಣ ನಮಗಿರಲಿಲ್ಲ.

ಕೊನೆಗೆ ಕೋಯಾಸಾನ್. ಕೂಕಾಯಿ ಎಂಬ ಆಚಾರ್ಯನು ಒಂಬತ್ತನೆಯ ಶತಮಾನದ ಆದಿಯಲ್ಲಿ ಸ್ಥಾಪಿಸಿದ ಈ ಗಿರಿಕ್ಷೇತ್ರವು ಸುಮಾರು 800 ಮೀಟರು ಎತ್ತರದಲ್ಲಿದೆ. ಇಲ್ಲಿಯ ಸುಮಾರು 50 ಮಠಗಳು ಯಾತ್ರಿಕರಿಗೆ ತಂಗಲು ಎಡೆಗೊಡುತ್ತವೆ. ಸಂಜೆಯೇ ಊಟವಾಗುವುದರಿಂದ ಬೇಗ ಸೇರಿಕೊಳ್ಳತಕ್ಕದ್ದು. ಊಟವು ‘ಶೋಜಿನ್’ ಎಂಬ ಶುದ್ಧ ಶಾಕಾಹಾರ. ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಗಳಿಲ್ಲ, ನಮ್ಮ ವ್ರತದ ದಿನದಂತೆಯೇ. ಎಳ್ಳನ್ನು ಅರೆದು ಮಾಡಿದ ಮೆತ್ತನೆಯ ಬಿಲ್ಲೆಯನ್ನು ಮನೆಯವರು ಯಾವ ಚೀಟಿಯನ್ನೂ ಓದದೆ ಸಂತೋಷದಿಂದ ತಿಂದರು.

ಮರುದಿನ ಬೆಳಗ್ಗೆ ಮುಗಿಲೆತ್ತರದ ಮರಗಳ ನಡುವೆ ಎರಡು ಕಿಲೋಮೀಟರು ಹಬ್ಬಿದ ಸಮಾಧಿಭೂಮಿಯಲ್ಲಿ ನಡೆದೆವು. ಪಂಚಭೂತಗಳನ್ನು ಸೂಚಿಸುವ ಐದಂತಸ್ತಿನ ಕಲ್ಲುಸ್ತೂಪಗಳು ಎಲ್ಲೆಲ್ಲಿಯೂ ನಿಂತಿದ್ದುವು. ಒಂದರ ಮೇಲೆ ಪಾಚಿಗಟ್ಟಿದ ಅಕ್ಷರಗಳನ್ನು ತೋರಿಸಿ, “ಇದು ನಾನು ಕಲಿತದ್ದಲ್ಲ, ನೀವು ಓದಿ” ಎಂದರು. ಕೆಳಗಿನಿಂದ ಮೇಲಕ್ಕೆ ಓದಿದೆವು: ಅ, ವ, ರ, ಹ, ಖ. ಪೃಥಿವಿ, ಅಪ್ಪು, ತೇಜಸ್ಸು, ವಾಯು, ಆಕಾಶ. ‘ಖ’ ಎಂದರೆ ಆಕಾಶವೆಂದು ಎಷ್ಟೋ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆವು. ಆ ಅಕ್ಷರವು ಪರದೇಶದ ಯಾರದೋ ಸಮಾಧಿಯ ತುದಿಯಲ್ಲಿ, ಆಕಾಶದ ಕೆಳಗೆ ನಿಂತಿತ್ತು. ಇಬ್ಬರೂ ಕೈಮುಗಿದೆವು.

ಮೊದಲ ಬಾರಿ ಹೊರಡುವ ದಂಪತಿಗಳಲ್ಲಿ ನಮ್ಮ ಬಿನ್ನಹ ಇಷ್ಟೆ. ಊರುಗಳನ್ನು ಕಡಮೆ ಮಾಡಿಕೊಳ್ಳಿರಿ. ಚಟ್ನಿಪುಡಿ, ಅವಲಕ್ಕಿಗಳನ್ನು ಮರೆಯದಿರಿ. ಹೊರಡುವ ಮುನ್ನ ಆ ದೇಶದ ಅಕ್ಷರಗಳನ್ನು ಇಬ್ಬರೂ ಜೊತೆಯಾಗಿ ಕಲಿಯಿರಿ. ಒಬ್ಬರಿಗೆ ತಿಳಿಯದುದನ್ನು ಇನ್ನೊಬ್ಬರು ಓದುವರು, ದಾರಿ ಸುಗಮವಾಗುವುದು.