ಮೊದಲ ಟೊಮೆಟೊ

ತಾರಸಿ ತೋಟದವರಲ್ಲಿ ಒಂದು ಪೈಪೋಟಿ ಉಂಟು. ಗಿಡ ಎಷ್ಟು ಕಾಯಿ ಬಿಟ್ಟಿತೆಂದು ಯಾರೂ ಕೇಳುವುದಿಲ್ಲ. ಮೊದಲ ಟೊಮೆಟೊ ಯಾರ ಮನೆಯಲ್ಲಿ ಕೆಂಪಾಯಿತು ಎಂಬುದೇ ಮುಖ್ಯ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಕಾಯಿಯ ಬುಡ ಕೊಂಚ ಬಣ್ಣ ತಿರುಗುತ್ತಲೇ ಫೋಟೊ ತೆಗೆದು ವಾಟ್ಸಾಪಿಗೆ ಏರಿಸುತ್ತಾರೆ. ಅದನ್ನು ಹಣ್ಣೆಂದು ನಾನಂತೂ ಒಪ್ಪಿಲ್ಲ.

ಪೊಟ್ಟಣದ ಮೇಲಿನ ‘60 ದಿನ’ವನ್ನು ನಂಬಿ ಬಿತ್ತಿದಂದಿನಿಂದ ಎಣಿಸುವವರಿದ್ದಾರೆ. ಆ ಲೆಕ್ಕ ಸಾಮಾನ್ಯವಾಗಿ ಶುರುವಾಗುವುದು ಸಸಿ ಕಿತ್ತು ನೆಟ್ಟ ಮೇಲೆ. ಟ್ರೇಯಲ್ಲಿ ಕಳೆದ ನಾಲ್ಕೈದು ವಾರ ಜಮಾ ಆಗುವುದೇ ಇಲ್ಲ. ಅವಸರದ ತಳಿಗಳ ಗುಟ್ಟೂ ಸರಳ: ನಾಲ್ಕು ಎಲೆ ಕಡಿಮೆ ಬಿಟ್ಟು ಬೇಗ ಹೂವಿಗೆ ಬರುತ್ತವೆ, ಹಣ್ಣು ಸಣ್ಣದಿರುತ್ತದೆ. ಚೆರ್ರಿ ಟೊಮೆಟೊ ಸದಾ ಮುಂದಿರುವುದು ಅದಕ್ಕೇ.

ಮಿನಿಯಾಪೊಲಿಸ್‌ನಲ್ಲಿರುವ ನನ್ನ ತಂಗಿ ಚೆಕೊಸ್ಲೊವಾಕಿಯಾ ಮೂಲದ ಸ್ಟುಪಿಟ್ಸೆ, ಅಮೆರಿಕದವರು ಮೆಚ್ಚುವ ಅರ್ಲಿ ಗರ್ಲ್ ಎರಡೂ ತಳಿಗಳನ್ನು ಬೆಳೆಯುತ್ತಾಳೆ. ಮಾರ್ಚಿನಲ್ಲೇ ಮನೆಯೊಳಗೆ ದೀಪದಡಿ ಸಸಿ ಎಬ್ಬಿಸಬೇಕು. ಮೇ ನಡುವಿನವರೆಗೂ ಹೊರಗೆ ಹಿಮದ ಭಯ. “ಅಕ್ಕ, ನಮಗೆ ಅಕ್ಟೋಬರ್ ಬಂದರೆ ಹಿಮಕ್ಕೆ ಗಿಡವೇ ಸುಟ್ಟುಹೋಗುತ್ತೆ. ಬೆಂಗಳೂರಲ್ಲಿ ಕೂತು ನಿನಗೆಂಥ ಅವಸರವೇ?” ಎಂದಳೊಮ್ಮೆ.

ಅವಸರ ನಮಗೂ ಇದೆ, ಕಾರಣ ಬೇರೆ. ಬಿಸಿಲು ಏರಿದಂತೆ ಬಿಳಿ ನೊಣ ಬರುತ್ತದೆ, ಅದರ ಬೆನ್ನಿಗೇ ಎಲೆ ಮುಟುರು ರೋಗ. ಅಷ್ಟರೊಳಗೆ ಎರಡು ಗೊಂಚಲಾದರೂ ಕೈಸೇರಬೇಕು. ಜೊತೆಗೆ ಉಷ್ಣಾಂಶ 30 ಡಿಗ್ರಿ ದಾಟಿದರೆ ಕೆಂಪು ಬಣ್ಣ ಸರಿಯಾಗಿ ಕಟ್ಟುವುದಿಲ್ಲ. ಏಪ್ರಿಲ್ ಹಣ್ಣು ಕಿತ್ತಳೆ ಬಣ್ಣಕ್ಕೇ ನಿಂತು ಮುನಿಸಿಕೊಳ್ಳುತ್ತದೆ. ಮಳೆಗಾಲ ಮುಗಿದ ಮೇಲೆ ನೆಟ್ಟ ಗಿಡಕ್ಕೆ ಈ ಎರಡೂ ಕಾಟ ಕಡಿಮೆ.

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆ ಮುಟುರು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಮೂರನ್ನೂ ತಡೆಯುತ್ತದೆ. 90–100 ಗ್ರಾಂ ತೂಗುವ ಗಟ್ಟಿ ಹಣ್ಣು. ಲಾರಿ ಹತ್ತಿಸಿ ದೂರ ಕಳಿಸುವವರಿಗೆ ಅದೇ ಸರಿ. ಅಡಿಗೆಮನೆಗೆ ಇಳಿಯುವುದಷ್ಟೇ ಗುರಿಯಾದರೆ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ಹಳೆಯ ಪೂಸಾ ರೂಬಿ ಸಾಕು. ನೆಟ್ಟ 60–65 ದಿನಕ್ಕೆ ಹಣ್ಣು. ಕೊಂಚ ಚಪ್ಪಟೆ, ಗೀರುಗೀರು, ತುಂಬ ರಸ, ಹುಳಿ. ಹೆಚ್ಚು ದಿನ ಇಡಲಾಗದು, ಇಡುವ ಪ್ರಮೇಯವೂ ಬರದು.

ಮೇಷ್ಟ್ರನ್ನು ಸೋಲಿಸಬೇಕಿದ್ದರೆ ಚೆರ್ರಿ ಹಾಕಿ. ಸಾರಿಗಾದರೆ ಪೂಸಾ ರೂಬಿಯೇ ಆಗಬೇಕು.