ಮೊಟ್ಟೆಯಂಥ ಚಂದ್ರ

ನಮ್ಮ ಶಾಲೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇದೆ. ಅದನ್ನು ಆಫೀಸ್ ರೂಮಿನ ಬೀರುವಿನಲ್ಲಿ ಇಟ್ಟು ಬೀಗ ಹಾಕಿರುತ್ತಾರೆ. ಅದರ ಬ್ಯಾಟರಿ ಸತ್ತುಹೋಗಿದೆ. ವೈರ್ ಕಿತ್ತರೆ ತಕ್ಷಣ ಆಫ್ ಆಗುತ್ತದೆ. ಅದರಲ್ಲಿ ಲಿನಕ್ಸ್ ಹಾಕಿದ್ದಾರೆ. ಲಿನಕ್ಸನ್ನು 1991ರಲ್ಲಿ ಫಿನ್‌ಲೆಂಡ್ ದೇಶದ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರು ಮಾಡಿದರು. ಅದರ ಒಳಗೆ ಏನು ಬರೆದಿದೆ ಅಂತ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಇದಕ್ಕೆ ಓಪನ್ ಸೋರ್ಸ್ ಎನ್ನುತ್ತಾರೆ.

ಒಂದು ದಿನ ವಿಜ್ಞಾನದ ಮೇಷ್ಟ್ರು ನನಗೂ ನನ್ನ ಗೆಳತಿಗೂ ಲ್ಯಾಪ್‌ಟಾಪ್ ತರಲು ಹೇಳಿದರು. ಗೆಳತಿಯ ಹೆಸರು ಬರೆಯುವುದಿಲ್ಲ, ಅವಳೇ ಬೇಡ ಅಂದಿದ್ದಾಳೆ. ಅವಳು ಅದನ್ನು ಮೇಜಿನ ಮೇಲಿಟ್ಟು ಆನ್ ಮಾಡಿದಳು. ನಾನು ಆ ಕಡೆಯಿಂದ ಬರುವಾಗ ನನ್ನ ಕಾಲು ವೈರಿಗೆ ಸಿಕ್ಕಿ ಪ್ಲಗ್ ಕಿತ್ತುಬಂತು. ಲ್ಯಾಪ್‌ಟಾಪ್ ಟಪ್ ಅಂತ ಆಫ್ ಆಯಿತು. ಎಲ್ಲರೂ ತಿರುಗಿ ನೋಡಿದಾಗ ಅದರ ಮೇಲೆ ಇದ್ದದ್ದು ಅವಳ ಕೈ.

ಮತ್ತೆ ಆನ್ ಮಾಡಿ ಮೇಷ್ಟ್ರು ಚಂದ್ರಯಾನ-3ರ ವೀಡಿಯೋ ಹಾಕಿದರು. ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದು 2023ರ ಆಗಸ್ಟ್ 23ರಂದು. ವೀಡಿಯೋ ಸರಿಯಾಗಿ ಬರಲೇ ಇಲ್ಲ. ಮಾತು ಮುಂದೆ ಹೋಗುತ್ತಿತ್ತು, ಚಿತ್ರ ಹಿಂದೆ ಉಳಿಯುತ್ತಿತ್ತು. ನಿಂತು ನಿಂತು, ಹಾರಿ ಹಾರಿ ಬರುತ್ತಿತ್ತು. ಹುಡುಗರೆಲ್ಲ "ಇವಳೇ ಸಾರ್ ಕೆಡಿಸಿದ್ದು" ಅಂದರು. ಮೇಷ್ಟ್ರು ಹೊಡೆಯಲಿಲ್ಲ. "ಇನ್ಮೇಲೆ ನೀನು ಇದನ್ನ ಮುಟ್ಟಬೇಡಮ್ಮ" ಅಂದರು. ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ನನ್ನ ಹೆಸರು ಹೇಳಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ದೀಪಾವಳಿ ರಜಕ್ಕೆ ನಮ್ಮ ದೊಡ್ಡಪ್ಪನ ಮಗ ಊರಿಗೆ ಬಂದ. ಅಣ್ಣ ಡಿಪ್ಲೊಮಾ ಓದುತ್ತಾನೆ, ನಮ್ಮ ಶಾಲೆಯಲ್ಲೇ ಓದಿದವನು. ರಜ ಮುಗಿದ ದಿನ ಮೇಷ್ಟ್ರು ಅವನನ್ನು ಕರೆಸಿದರು. ನಾವೆಲ್ಲ ಸುತ್ತ ನಿಂತೆವು.

ಅಣ್ಣ ಮೊದಲು ಅದೇ ವೀಡಿಯೋ ಮೇಷ್ಟ್ರ ಮೊಬೈಲಿನಲ್ಲಿ ಹಾಕಿದ. ಚೆನ್ನಾಗಿ ಬಂತು. ಅಂದರೆ ವೀಡಿಯೋದ ತಪ್ಪಲ್ಲ. ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪಿಗೆ ಕಾಪಿ ಮಾಡಿ ಹಾಕಿದ. ಆಗಲೂ ಕುಂಟಿತು. ಅಂದರೆ ಪೆನ್‌ಡ್ರೈವಿನ ತಪ್ಪೂ ಅಲ್ಲ. ಬೇರೆ ಪ್ಲೇಯರಿನಲ್ಲಿ ಹಾಕಿದ. ಅಲ್ಲೂ ಹಂಗೇ. "ಒಂದು ಸಲಕ್ಕೆ ಒಂದೇ ಬದಲಾಯಿಸಬೇಕು, ಇಲ್ಲದಿದ್ರೆ ಯಾವುದರ ತಪ್ಪು ಅಂತ ಗೊತ್ತಾಗಲ್ಲ" ಅಂದ.

ಆಮೇಲೆ "ಇದು ಯಾವಾಗಿಂದ ಹಿಂಗೆ?" ಅಂತ ಕೇಳಿದ. ಎಲ್ಲರೂ ಅವಳ ಕಡೆ ಕೈ ತೋರಿಸಿದರು. ನಾನು ಪರದೆ ನೋಡುತ್ತಿದ್ದೆ. ಅದರಲ್ಲಿ ಚಂದ್ರ ಗುಂಡಗಿರಲಿಲ್ಲ. ಮೊಟ್ಟೆಯ ಹಾಗೆ ಅಡ್ಡಕ್ಕೆ ಎಳೆದಂತೆ ಇದ್ದ. ಜೂನ್‌ನಲ್ಲಿ ಚಿಕ್ಕ ಮಕ್ಕಳ ಹಾಡಿನ ವೀಡಿಯೋ ಹಾಕಿದಾಗಲೂ ಬಸ್ಸಿನ ಚಕ್ರ ಹೀಗೇ ಇತ್ತು, ನಾವೆಲ್ಲ ನಕ್ಕಿದ್ದೆವು. ನಾನು ಅದನ್ನು ಹೇಳಿದೆ. ಅಣ್ಣ "ಹಂಗಾದ್ರೆ ಇದು ಹಳೇ ಕಾಯಿಲೆ ಸಾರ್" ಅಂದ.

ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಅನ್ನುವ ಕಡೆ 'ಎಲ್‌ಎಲ್‌ವಿಎಂಪೈಪ್' ಅಂತ ಇತ್ತು. ಹಾಗಂದರೆ ಚಿತ್ರ ಬಿಡಿಸುವ ಕೆಲಸವನ್ನೂ ಪ್ರೊಸೆಸರೇ ಮಾಡುತ್ತಿದೆ ಅಂತ. ದೊಡ್ಡ ವೀಡಿಯೋದ ಒಂದು ಚಿತ್ರದಲ್ಲಿ 1920 × 1080, ಅಂದರೆ 20,73,600 ಚುಕ್ಕಿ. ಸೆಕೆಂಡಿಗೆ 25 ಚಿತ್ರ ಆದರೆ 5,18,40,000 ಚುಕ್ಕಿ! ನಾನೇ ಗುಣಿಸಿ ನೋಡಿದೆ. ಹಾಡಿನ ವೀಡಿಯೋ ಚಿಕ್ಕದಾಗಿದ್ದರಿಂದ ಹೇಗೋ ನಡೆದಿತ್ತು.

ಚಿತ್ರಕ್ಕೇ ಅಂತ ಲ್ಯಾಪ್‌ಟಾಪಿನೊಳಗೆ ಬೇರೆ ಭಾಗ ಇದೆ. ಅದನ್ನು ನಡೆಸುವುದು ಡ್ರೈವರ್. ಡ್ರೈವರ್ ಅಂದರೆ ಬಸ್ ಡ್ರೈವರ್ ಅಲ್ಲ, ಅದೂ ಒಂದು ಬರಹ. ನಮ್ಮದರ ಡ್ರೈವರ್ ಹೆಸರು ಐ915. ಅದೂ ಓಪನ್ ಸೋರ್ಸ್, ಲಿನಕ್ಸಿನ ಜೊತೆಯಲ್ಲೇ ಬರುತ್ತದೆ. ಆದರೆ ಲಿನಕ್ಸ್ ಶುರುವಾಗುವ ಸಾಲಿನಲ್ಲಿ 'ನೋಮೋಡ್‌ಸೆಟ್' ಅಂತ ಒಂದು ಪದ ಇತ್ತು. ಆ ಪದ ಇದ್ದರೆ ಡ್ರೈವರ್ ಏಳುವುದಿಲ್ಲ. ಕೆಲವು ಸಲ ಲಿನಕ್ಸ್ ಹಾಕುವಾಗ ಪರದೆ ಕಪ್ಪಾದರೆ ಈ ಪದ ಸೇರಿಸುತ್ತಾರಂತೆ. ಇಲ್ಲೂ ಹಾಗೆ ಸೇರಿಸಿ, ತೆಗೆಯಲು ಮರೆತಿರಬೇಕು. ಬಿಸಿಯೂಟ ಬಡಿಸುವವರು ಪಕ್ಕದಲ್ಲೇ ಮಲಗಿದ್ದಾರೆ, ಎಬ್ಬಿಸಬೇಡಿ ಅಂತ ಯಾರೋ ಚೀಟಿ ಅಂಟಿಸಿದ್ದಾರೆ. ಅದಕ್ಕೆ ಅಡುಗೆಯವರೇ ಬಡಿಸಿ ಬಡಿಸಿ ಸುಸ್ತಾಗಿದ್ದಾರೆ!

ಅಣ್ಣ ಆನ್ ಮಾಡುವಾಗ ಶಿಫ್ಟ್ ಒತ್ತಿ ಹಿಡಿದು, 'ಇ' ಒತ್ತಿ, ಆ ಪದವನ್ನು ಅಳಿಸಿದ. "ಇದು ಈ ಒಂದು ಸಲಕ್ಕೆ ಮಾತ್ರ. ಪರದೆ ಕಪ್ಪಾದರೆ ಆಫ್ ಮಾಡಿ ಆನ್ ಮಾಡಿದ್ರೆ ಮೊದಲಿನ ಹಂಗೇ ಬರುತ್ತೆ" ಅಂದ. ನಾವು ಉಸಿರು ಬಿಗಿಹಿಡಿದು ನಿಂತೆವು. ಪರದೆ ಒಂದು ಸಲ ಕಪ್ಪಾಗಿ, ಆಮೇಲೆ ಅಕ್ಷರಗಳು ಸಣ್ಣಗೆ ಸ್ಪಷ್ಟವಾಗಿ ಬಂದವು. ಗ್ರಾಫಿಕ್ಸ್ ಅನ್ನುವಲ್ಲಿ ಈಗ ಇಂಟೆಲ್ ಎಚ್‌ಡಿ 4000 ಅಂತ ಇತ್ತು. ವೀಡಿಯೋ ಹಾಕಿದರೆ ಚಂದ್ರ ಗುಂಡಗೆ ಬಂದ! ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಗ್ರಬ್ ಎಂಬ ಫೈಲಿನಲ್ಲೂ ಆ ಪದ ತೆಗೆದು, 'ಸುಡೊ ಅಪ್‌ಡೇಟ್-ಗ್ರಬ್' ಎಂಬ ಆಜ್ಞೆ ಕೊಟ್ಟು ಕಾಯಂ ಮಾಡಿದ.

ಎಲ್ಲರೂ ಹೋದ ಮೇಲೆ ನಾನು ಮೇಷ್ಟ್ರ ಹತ್ತಿರ ಹೋಗಿ "ಸಾರ್, ಅವತ್ತು ವೈರ್ ಎಳೆದದ್ದು ನನ್ನ ಕಾಲು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಅದರಿಂದ ಕೆಟ್ಟಿಲ್ಲ ಬಿಡಮ್ಮ. ಆದ್ರೆ ಅವತ್ತೇ ಹೇಳಬೇಕಿತ್ತು. ನಾನೂ ನೋಡದೆ ಬೈದೆ" ಅಂದರು. ಮಾರನೇ ದಿನ ಬೀರುವಿನ ಬೀಗದ ಕೈ ಅವಳ ಕೈಗೇ ಕೊಟ್ಟರು.

ಲ್ಯಾಪ್‌ಟಾಪಿನ ತಪ್ಪು ಹುಡುಕಲು ಅರ್ಧ ದಿನ ಸಾಕಾಯಿತು. ನನ್ನ ತಪ್ಪು ನನಗೆ ಮೊದಲೇ ಗೊತ್ತಿತ್ತು, ಹೇಳಲು ಇಷ್ಟು ದಿನ ಬೇಕಾಯಿತು. ಅವಳಿಗೆ ಆಗಲೇ ಕ್ಷಮಿಸು ಅಂದಿದ್ದೇನೆ. ಅವತ್ತು ಅವಳ ಕಡೆ ಕೈ ತೋರಿಸಿದವರೆಲ್ಲ ಈ ಗೋಡೆ ಪತ್ರಿಕೆ ಓದುತ್ತೀರಿ, ಅದಕ್ಕೆ ಇಲ್ಲಿ ಬರೆದೆ.

– ಒಬ್ಬ ವಿದ್ಯಾರ್ಥಿನಿ, 7ನೇ ತರಗತಿ