ಅರ್ಧ ಪಾಯಿಂಟಿನ ಶಾಂತಿಪ್ರಿಯರು

ಯಲಹಂಕ ನ್ಯೂಟೌನಿನ ಶಾಲೆಯೊಂದರ ಹಾಲ್‌ನಲ್ಲಿ ಭಾನುವಾರ ಚೆಸ್ ಆಡಲು ನನ್ನೆದುರು ಕೂತ ಹುಡುಗನಿಗೆ ಮೀಸೆ ಮೂಡಲು ಇನ್ನೂ ಬೇಕಾದಷ್ಟು ಕಾಲವಿತ್ತು. ನಾನು ಫ್ರೆಂಚ್ ಡಿಫೆನ್ಸ್ ಹಿಡಿದೆ. ಮೂರನೇ ನಡೆಗೇ ಅವನು ಡಿ5ರ ಕಾಲಾಳನ್ನು ಹೊಡೆದ. ಎಕ್ಸ್‌ಚೇಂಜ್! ಇ ಸಾಲು ನಸುಕಿನ ಬಳ್ಳಾರಿ ರಸ್ತೆಯಂತೆ ಬಟಾಬಯಲು. ಆನೆಗಳು ಅಲ್ಲೇ ಎದುರಾಗಿ, ಜೋಡಿ ಜೋಡಿಯಾಗಿ ಪೆಟ್ಟಿಗೆ ಸೇರಿದವು. ನಾನು ಗಲ್ಲಕ್ಕೆ ಕೈಕೊಟ್ಟು ಯೋಚಿಸುತ್ತಿರುವಾಗ ಮೆಲ್ಲನೆ ಬಂತು: "ಅಂಕಲ್, ಡ್ರಾ?"

ಡ್ರಾ ಕೇಳುವುದಕ್ಕೂ ಕ್ರಮವಿದೆ. ಮೊದಲು ನಡೆ, ಆಮೇಲೆ ಮಾತು, ಕೊನೆಗೆ ಗಡಿಯಾರ. ನನ್ನ ಗಡಿಯಾರ ಓಡುವಾಗ ಬಾಯಿ ತೆರೆಯಬಾರದು. ಆದರೆ ಹೊತ್ತಲ್ಲದ ಹೊತ್ತಲ್ಲಿ ಕೇಳಿದ್ದೂ ನಿಯಮದ ಪ್ರಕಾರ ಊರ್ಜಿತವೇ. ನನ್ನ ಹೊಟ್ಟೆಯುರಿ ಇರುವುದು ಅಲ್ಲೇ. ಬೋರ್ಡಿನಲ್ಲಿ ಜೀವ ಉಳಿದಿರಲಿಲ್ಲ. ಕೈಕುಲುಕಿದೆ.

"ಎಕ್ಸ್‌ಚೇಂಜ್ ಅಂದ್ರೆ ಡ್ರಾನೇ ಸಾರ್" ಎನ್ನುವವರ ಜತೆ ನನ್ನ ಜಗಳ ಹಳೆಯದು. 1991ರಲ್ಲಿ ಟಿಲ್‌ಬರ್ಗ್‌ನಲ್ಲಿ ಕಾಸ್ಪರೋವ್ ಇದನ್ನೇ ಆಡಿ ನೈಜೆಲ್ ಶಾರ್ಟ್‌ನನ್ನು ಸೋಲಿಸಲಿಲ್ಲವೇ? 1978ರಲ್ಲಿ ಬೀರ್‌ಶೆಬಾದಲ್ಲಿ ಕಪ್ಪು ಹಿಡಿದ ಕೋರ್ಚ್‌ನಾಯ್, ಟಟಾಯ್‌ನನ್ನು 14 ನಡೆಗಳಲ್ಲಿ ಮುಗಿಸಿದ. ನಾಲ್ಕನೇ ನಡೆಗೆ ಸಿ5, ಅಲ್ಲಿಗೆ ಎರಡೂ ಕಡೆ ಒಂದೇ ಥರವಿದ್ದ ಕಾಲಾಳುಗಳ ಕನ್ನಡಿ ಒಡೆಯಿತು! 12ನೆಯದಕ್ಕೆ ಮಂತ್ರಿ ನೇರ ಜಿ3ಕ್ಕೆ, ಬಿಳಿಯ ರಾಜನ ಅಂಗಳಕ್ಕೆ. ಎಫ್2ರ ಕಾಲಾಳು ಅದನ್ನು ಹೊಡೆಯುವಂತಿಲ್ಲ. ಹಿಂದೆ ರಾಜನಿದ್ದಾನೆ, ದೂರದಿಂದ ಸಿ5ರ ಒಂಟೆ ದಿಟ್ಟಿಸುತ್ತಿದೆ. ಅಷ್ಟು ಧೈರ್ಯ ಬೇಡವೆಂದರೆ ಕುದುರೆಯನ್ನು ಎಫ್6ರ ಬದಲು ಇ7ಕ್ಕೆ ತಂದು, ರಾಜನನ್ನು ಮಂತ್ರಿಯ ಕಡೆಗೆ ಕೋಟೆ ಕಟ್ಟಿಸಿ. ಎದುರಾಳಿ ಇನ್ನೊಂದು ಕಡೆಗೆ ಹೋಗಿದ್ದರೆ ಜಗಳ ತಾನಾಗಿ ಹತ್ತುತ್ತದೆ.

ಹುಡುಗನ ಮೇಲೆ ಸಿಟ್ಟಿಲ್ಲ. "ರೇಟಿಂಗ್ ಜಾಸ್ತಿ ಇರೋರು ಸಿಕ್ಕರೆ ಕಾಯಿ ಹೊಡಕೊಂಡು ಡ್ರಾ ಕೇಳು" ಎಂದು ಕಲಿಸಿ ಕಳಿಸುವವರ ಮೇಲಿದೆ. ಬರ್ಲಿನ್ ಡಿಫೆನ್ಸಿನಲ್ಲಿ ಮಂತ್ರಿಗಳನ್ನು ಹಿಂದೆ ಮುಂದೆ ಓಡಾಡಿಸಿ 14 ನಡೆಗೆ ಎದ್ದುಹೋಗುವ ಗ್ರ್ಯಾಂಡ್‌ಮಾಸ್ಟರುಗಳಿಗೆ ಅದು ಹೊಟ್ಟೆಪಾಡು. ಐದನೇ ಕ್ಲಾಸಿನ ಮಗುವಿಗೆ ಯಾವ ಹೊಟ್ಟೆಪಾಡು? ಸೋಲುವ ಹಕ್ಕನ್ನೂ ಕಸಿದುಕೊಂಡರೆ ಅದು ಆಟ ಕಲಿಯುವುದು ಯಾವಾಗ?

ಈಗೀಗ ನನಗೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಟದ ಹುಚ್ಚು. ಒಂಟಿ ಕುದುರೆ, ಒಂದು ಮನೆಯನ್ನೂ ಎರಡು ಸಲ ತುಳಿಯದೆ 64ನ್ನೂ ಸುತ್ತಬೇಕು. ಅಂಥ ಸುತ್ತುಗಳನ್ನು ದೊರೆಯೇ ಹೆಣೆದಿದ್ದರು. ಮುಂದಕ್ಕೆ ದಾರಿ ಕಡಿಮೆಯಿರುವ ಮನೆಗೇ ಮೊದಲು ಹಾರಬೇಕೆಂಬುದು ಇದರ ಗುಟ್ಟು. 63 ಮನೆ ಸುತ್ತಿ ಕೊನೆಯದೊಂದು ಉಳಿಯಿತೋ, ಪೂರ್ತಿ ಸೋಲು. ಅರ್ಧ ಪಾಯಿಂಟ್ ಕೇಳೋಣವೆಂದರೆ ಎದುರಿಗೆ ಯಾರೂ ಇಲ್ಲ.